ಶಿರಾದ ಫಟಫಟಿ, ಇಂದ್ರಮ್ಮನ ಕಾಲ್ಗುಣ

ದಡ್ಡರನ್ನು ಕಂಡರೆ ಇಂದ್ರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ದಡ್ಡರು ಎಲ್ಲ ಊರಲ್ಲೂ ಇರುತ್ತಾರೆ, ಹಾಗೆ ಹುಟ್ಟಿದ್ದು ಅವರ ತಪ್ಪೇನಲ್ಲ. ಆದರೆ ಮಧುಗಿರಿಯಲ್ಲಿ ದಡ್ಡರಿಗೆ ಪೇಟ ಸುತ್ತಿ, ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ, ಎಲೆ ಅಡಿಕೆ ಕೊಟ್ಟು, ಅವರು ಆಡಿದ್ದಕ್ಕೆಲ್ಲ ತಲೆದೂಗುವ ಪದ್ಧತಿ ಇತ್ತು. ಅದನ್ನು ನೋಡುತ್ತಲೇ ಅವಳು ಬೆಳೆದಿದ್ದಳು.

ಅವಳ ಅಪ್ಪ ಪರ್ವತಯ್ಯನದು ಪೇಟೆ ಬೀದಿಯಲ್ಲಿ ತಾಮ್ರ ಹಿತ್ತಾಳೆ ಪಾತ್ರೆಗಳ ಅಂಗಡಿ. ತಾಯಿಯಿಲ್ಲದ ಮಗಳನ್ನು ಹಂಡೆ ಕೊಳಗಗಳ ನಡುವೆಯೇ ಸಾಕಿದ್ದ. ಅವಳು ಇನ್ನೂ ಲಂಗ ಉಡುತ್ತಿದ್ದ ಕಾಲದಲ್ಲಿ ಒಮ್ಮೆ, ಅಂಗಡಿಯ ದೊಡ್ಡ ಹಂಡೆ ಯಾರೂ ಮುಟ್ಟದೆ ತಾನಾಗೇ ಮೊಳಗುತ್ತದೆ ಎಂದು ಸುದ್ದಿ ಎದ್ದಿತು. ಬೀದಿಯ ಹಿರಿಯರೆಲ್ಲ ಕೂಡಿ ಯೋಚಿಸಿದರು, ಶಾಂತಿ ಮಾಡಿಸಿದರು, ಪಾಯಸದ ಊಟ ಹೊಡೆದರು. ಅವರು ಕೈ ತೊಳೆಯುವ ಹೊತ್ತಿಗೆ ಇಂದ್ರಮ್ಮ ಆ ಹಂಡೆಯನ್ನು ಎಳೆದು ಕವುಚಿದಳು. ಒಳಗಿಂದ ಒಂದು ಇಲಿ ಹಾರಿ ಹಿರಿಯರ ಪಂಚೆಗಳ ನಡುವೆಯೇ ಓಡಿಹೋಯಿತು. ಸಿಟ್ಟು ಬಂದದ್ದು ಇಲಿಯ ಮೇಲಲ್ಲ, ಇವಳ ಮೇಲೆ. "ಇದೆಂಥಾ ಹೆಣ್ಣಪ್ಪ, ದೇವರ ಊಟ ಉಂಡ ಬಾಯಿನ್ನೂ ಒಣಗಿಲ್ಲ" ಎಂದು ಬೈದುಕೊಂಡು ಹೋದರು.

ಪರ್ವತಯ್ಯ ಮಾತ್ರ ನಕ್ಕಿದ್ದ. ಮಗಳ ತಲೆ ಸವರಿ, "ನಿನ್ ಕಣ್ಣು ಬಲು ಚುರುಕು ಕಣವ್ವ" ಅಂದಿದ್ದ. ಅವಳನ್ನು ಮೆಚ್ಚಿ ಯಾರಾದರೂ ಆಡಿದ ಮಾತು ಅದೊಂದೇ. ಅದನ್ನು ಅವಳು ಮರೆಯಲಿಲ್ಲ.

ಮಿಡ್ಲ್ ಸ್ಕೂಲು ಮುಗಿಯಿತು, ಹದಿನೆಂಟು ತುಂಬಿತು, ಮದುವೆ ಮಾತ್ರ ಆಗಲಿಲ್ಲ. ಆ ಕಾಲಕ್ಕೆ ಅದು ದೊಡ್ಡ ಮಾತು. ಗಂಡುಗಳು ಬರಲಿಲ್ಲವೆಂದಲ್ಲ, ಬಂದವರು ನಿಲ್ಲಲಿಲ್ಲ. ಕೊರಟಗೆರೆಯಿಂದ ಬಂದವನೊಬ್ಬ "ಮುದ್ದೆ ಕಟ್ಟಾಕೆ ಬತ್ತದಾ?" ಎಂದು ಕೇಳಿದ್ದಕ್ಕೆ ಇವಳು "ನುಂಗಾಕೆ ನಿಮಗೆ ಬತ್ತದಾ?" ಅಂದಳು. ಪಾವಗಡದ ಕಡೆಯವನು ಮಾತೇ ಆಡದೆ ಮನೆಯಲ್ಲಿದ್ದ ಕೊಡಪಾನಗಳನ್ನು ಲೆಕ್ಕ ಹಾಕುತ್ತ ಕೂತಿದ್ದ. "ಅಟ್ಟದ ಮೇಲೂ ಇದಾವೆ, ಏಣಿ ತರ್ಲಾ?" ಎಂದು ಕೇಳಿ ಅವನನ್ನೂ ಎಬ್ಬಿಸಿ ಕಳಿಸಿದಳು. ಪ್ರತಿ ಸಲವೂ ಪರ್ವತಯ್ಯ ಬಂದವರ ಹಿಂದೆ ಬೀದಿಯ ತುದಿಯವರೆಗೆ ಕೈಮುಗಿಯುತ್ತ ಹೋಗಿ ಬರುತ್ತಿದ್ದ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮುಂಚೆ ಶಿರಾದಿಂದ ಒಂದು ಸಂಬಂಧ ಕುದುರಿತು. ಗಂಡಿನ ಹೆಸರು ಮಲ್ಲಿಕಾರ್ಜುನಯ್ಯ. ಅಪ್ಪ ತೀರಿಕೊಂಡು ಜವಳಿ ಅಂಗಡಿ ಕೈಗೆ ಬಂದಿತ್ತು. ಅಂಗಡಿಯನ್ನು ಗುಮಾಸ್ತನಿಗೆ ಬಿಟ್ಟು ಇವನು ಒಂದು ಹಳೇ ಮೋಟಾರ್ ಸೈಕಲ್ ಹತ್ತಿ ಕೂತಿದ್ದ. ಬೆಂಗಳೂರು ದಂಡಿನಲ್ಲಿ ಯಾವನೋ ದೊರೆ ಓಡಿಸಿ, ಸಾಕಾಗಿ ಬಿಟ್ಟುಹೋದ ಗಾಡಿ. ನಾಲ್ಕಾರು ಕೈ ದಾಟಿ, ತುಕ್ಕು ಹಿಡಿದು, ಮೇಲೆ ಬಣ್ಣ ಬಳಿಸಿಕೊಂಡು ಇವನ ಮನೆ ಸೇರಿತ್ತು. ಜನ ಅದನ್ನು ಫಟಫಟಿ ಅನ್ನುತ್ತಿದ್ದರು. ಮಲ್ಲಿಕಾರ್ಜುನಯ್ಯ ಹಾಗೆ ಅಂದವರನ್ನು ನಿಲ್ಲಿಸಿ, ಮೆಷೀನ್ ಅನ್ನಬೇಕು ಎಂದು ತಿದ್ದುತ್ತಿದ್ದ. ಅವನ ಯೋಗ್ಯತೆಯೆಲ್ಲ ಆ ಎರಡು ಚಕ್ರದ ಮೇಲೆಯೇ. ಕೆಳಗಿಳಿದರೆ ಬರೀ ಹೊಟ್ಟೆ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅನ್ನುತ್ತಾರೆ. ಈತ ಹೆಣ್ಣು ನೋಡಲು ಮಟಮಟ ಮಧ್ಯಾಹ್ನ ಲೈಟು ಹಚ್ಚಿಕೊಂಡು ಬಂದ. ಬೀದಿಯ ಕೋಳಿ ನಾಯಿಗಳೆಲ್ಲ ದಿಕ್ಕಾಪಾಲಾದವು. ಪರ್ವತಯ್ಯ ಪೇಟ ಸರಿಮಾಡಿಕೊಂಡು ಓಡಿಹೋಗಿ, ಮಗಳ ಮುಖವನ್ನೂ ತೋರಿಸುವ ಮುಂಚೆಯೇ "ಬರಬೇಕು ಅಳಿಯಂದಿರು" ಎಂದುಬಿಟ್ಟ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಇಂದ್ರಮ್ಮನಿಗೆ ಅಪ್ಪನ ಮೇಲೂ ಸಿಟ್ಟು ಬಂತು. ಸೂರ್ಯನಿಗೇ ದೀಪ ತೋರಿಸಿಕೊಂಡು ಬಂದವನ ಎದುರು ಈ ಮನುಷ್ಯ ಬಗ್ಗುವುದೇನು!

ಗಂಡಿನ ತಾಯಿ ಕರಿಬಸಮ್ಮ ಬಸ್ಸಿನಲ್ಲಿ ಮೊದಲೇ ಬಂದಿಳಿದಿದ್ದಳು. ಮಗನಿಗೆ, ಮಗನ ಗಾಡಿಗೆ ಯಾರ ಕಣ್ಣು ಬೀಳುತ್ತದೋ ಎನ್ನುವುದು ಅವಳ ಒಂದೇ ಚಿಂತೆ. ತೋವಿನಕೆರೆಯಲ್ಲಿ ಕಾಡಸಿದ್ದಪ್ಪ ಎಂಬ ಮಂತ್ರಗಾರನಿದ್ದ. ಅವನು ಅಂಗೈ ಅಗಲದ ತಾಮ್ರದ ತಗಡಿನ ಮೇಲೆ ಚೌಕ ಗೀಚಿ, ಒಳಗೆ ಅವನಿಗೇ ಓದಲು ಬಾರದ ಅಕ್ಷರ ಕೊರೆದು, ದೃಷ್ಟಿಗೆಂದು ಕೊಟ್ಟಿದ್ದ. ಕರಿಬಸಮ್ಮ ಅದನ್ನು ಕರಿದಾರದಲ್ಲಿ ಗಾಡಿಯ ಹ್ಯಾಂಡಲಿಗೆ ಕಟ್ಟಿಸಿದ್ದಳು. ಬಿಸಿಲಿಗೆ ಬಣ್ಣ ಹಾಳಾಗುತ್ತದೆಂದು ಗಾಡಿಯನ್ನು ಮನೆಯ ಪಕ್ಕದ ಓಣಿಯ ನೆರಳಿಗೆ ತಳ್ಳಿ ನಿಲ್ಲಿಸಿದರು.

ಇಂದ್ರಮ್ಮ ಬಂದು ಎದುರು ಕೂತಳು. ಮಲ್ಲಿಕಾರ್ಜುನಯ್ಯ ಮುದ್ದೆಯ ಮಾತು ಎತ್ತಲಿಲ್ಲ, ಹಾಡು ಕೇಳಲಿಲ್ಲ.

"ಬ್ಯಾಟ್ರಿ ಅಂದ್ರೇನು ಗೊತ್ತಾ?" ಅಂದ.

"ಗೊತ್ತಿಲ್ಲ" ಅಂದಳು.

ಅವನಿಗೆ ಬೇಕಾಗಿದ್ದೂ ಅದೇ. ಪಂಚೆ ಸರಿಪಡಿಸಿಕೊಂಡು ಹೇಳತೊಡಗಿದ. "ನೋಡು, ಲೈಟ್ ಉರಿಯಾದೂ ಅದ್ರಿಂದ್ಲೇ, ಇಂಜಿನ್ಗೆ ಕಿಡಿ ಕೊಡಾದೂ ಅದ್ರಿಂದ್ಲೇ. ಅದು ಹೋದ್ರೆ ಎಲ್ಡೂ ಖಾಲಿ. ಸೀಟಿನ ಕೆಳಗೇ ಇರ್ತದೆ. ಅದುಕ್ಕೆ ಲೋಹ ಸೋಕ್ಬಾರ್ದು. ಗಾಡಿ ಕಂಬಿಗೂ ಬ್ಯಾಟ್ರಿ ತುದಿಗೂ ನಡುವೆ ಒಂದ್ ಕಡಗ ತಗುಲ್ತು ಅನ್ನು, ಕಿಡಿ ಹಾರಿ ಕರೆಂಟೆಲ್ಲಾ ಅಲ್ಲೇ ಇಳ್ದೋಗ್ಬುಡ್ತದೆ. ಅದುಕ್ಕೇ ಹೆಂಗಸ್ರನ್ನ ನಾನು ಮೆಷೀನ್ ಹತ್ರ ಸೇರ್ಸಾಕಿಲ್ಲ. ಮದುವೆ ಆದ್ಮ್ಯಾಲೂ ನೀನು ಮುಟ್ಟಂಗಿಲ್ಲ."

ಪರ್ವತಯ್ಯ "ಎಲಾ ಎಲಾ" ಎಂದು ತಲೆದೂಗಿದ. ಇಂದ್ರಮ್ಮ ಗಂಡಿನ ಮುಖ ನೋಡಿದಳು. ಇಷ್ಟು ಸಲೀಸಾಗಿ ಹೇಳುವವನು ಇದನ್ನು ಯಾರ ಬಾಯಿಂದಲೋ ಕೇಳಿ ಉರು ಹೊಡೆದಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಆದರೂ ಮಾತು ಮಾತ್ರ ಸರಿಯಾಗಿಯೇ ಇದೆ ಅನ್ನಿಸಿತು. ಕೇಳಿಸಿಕೊಂಡು ಒಳಗೆ ಹೋದಳು.

ಒಳಕೋಣೆಯ ಕಿಟಕಿ ಓಣಿಗೆ ತೆರೆಯುತ್ತಿತ್ತು. ನಡುಮನೆಯಲ್ಲಿ ಗಂಡಸರು ಫಲಾಹಾರಕ್ಕೆ ಕೂತಾಗ ಕರಿಬಸಮ್ಮ ಮೆಲ್ಲಗೆ ಎದ್ದು ಓಣಿಗೆ ಬಂದಳು. ಅತ್ತ ಇತ್ತ ನೋಡಿದಳು, ಕಿಟಕಿಯ ಕಡೆ ನೋಡಲಿಲ್ಲ. "ಈ ಮನೆಯೋರ ಕಣ್ಣೇ ಸರಿಗಿಲ್ಲ. ಬಿಚ್ಕಂಡ್ರೂ ಬಿಚ್ಕಂಡಾರು" ಎಂದು ಗೊಣಗಿಕೊಳ್ಳುತ್ತ ಹ್ಯಾಂಡಲಿನಿಂದ ತಗಡು ಬಿಚ್ಚಿ, ಸೀಟಿನ ಕೆಳಗೆ ಕೈ ತೂರಿಸಿ, ಅಲ್ಲಿದ್ದ ಸ್ಪ್ರಿಂಗಿಗೆ ಬಿಗಿದು ಕಟ್ಟಿದಳು. ಅದಕ್ಕೊಮ್ಮೆ ಕೈಮುಗಿದು ಒಳಗೆ ಬಂದಳು.

ಇಂದ್ರಮ್ಮನ ಕಿವಿ ಕೆಂಪಾದವು. ಅಂಗಡಿ ತುಂಬ ತಾಮ್ರ ಇಟ್ಟುಕೊಂಡು ಕೂತವರು ನಾವು, ಈ ಮುದುಕಿಯ ಅಂಗೈ ಅಗಲದ ತಗಡಿಗೆ ಕೈ ಹಾಕುತ್ತೇವೆಯೇ! ಆದರೆ ಅಪ್ಪ ಅತ್ತ ಬಾಗಿಲಲ್ಲಿ ಮದುವೆಯೇ ಆಗಿಹೋದಂತೆ ಓಡಾಡುತ್ತಿದ್ದ. ಮಲ್ಲೇಶ್ವರನ ಗುಡಿಯಲ್ಲಿ ಕಾಯಿ ಒಡೆಸಿಕೊಂಡು ಬಂದು ವೀಳ್ಯ ಬದಲಾಯಿಸುವುದೆಂದು ಮಾತಾಗಿತ್ತು. ಮಾವ ಅಳಿಯ ಇಬ್ಬರೂ ಫಟಫಟಿಯ ಮೇಲೆಯೇ ಗುಡಿಗೆ ಹೋಗುವುದು. ವೀಳ್ಯ ಕೈ ಬದಲಾಯಿಸಿತೆಂದರೆ ಮುಗಿಯಿತು, ಆಮೇಲೆ ಹೆಣ್ಣಿನ ಕಡೆಯವರು ಹಿಂದೆ ಸರಿಯುವ ಮಾತೇ ಇಲ್ಲ. ಇಂದ್ರಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು. ಈ ಮನುಷ್ಯನ ಹಿಂದೆ, ಈ ಮುದುಕಿಯ ಕೆಳಗೆ, ಶಿರಾದಲ್ಲಿ ಒಂದು ಜನ್ಮ.

ಗಾಡಿಯನ್ನು ಮನೆಯ ಮುಂದಕ್ಕೆ ತಂದರು. ಬೀದಿಗೆ ಬೀದಿಯೇ ಸೇರಿತು. ಮಲ್ಲಿಕಾರ್ಜುನಯ್ಯ ಪಕ್ಕದಲ್ಲಿ ನಿಂತು ಲೈಟು ಹಚ್ಚಿದ. ಉರಿಯಿತು. ಕಾಲೆತ್ತಿ ಹಾಕಿ ಸೀಟಿನ ಮೇಲೆ ಕೂತ. ಆರಿತು. ಜೋರಾಗಿ ಕಿಕ್ ಹೊಡೆದ. ಫಟಫಟಿ ಒಂದು ಸಲ ಕೆಮ್ಮಲೂ ಇಲ್ಲ. ಹೊಡೆದ, ಹೊಡೆದ, ಬೆವೆತ. ಇಳಿದು ನೋಡಿದರೆ ಲೈಟು ಮತ್ತೆ ಉರಿಯುತ್ತಿತ್ತು.

ಬಸ್ ಏಜೆಂಟು ಸಿದ್ದಗಂಗಯ್ಯ ಗುಂಪು ಸೀಳಿಕೊಂಡು ಬಂದ. ಬಸ್ಸಿನ ಪಕ್ಕ ನಿಂತು ಟಿಕೀಟು ಹರಿಯುವುದು ಅವನ ಕೆಲಸ. ಬಸ್ಸಿನ ಹತ್ತಿರವೇ ನಿಲ್ಲುತ್ತಾನಾದ್ದರಿಂದ ಅದರ ಒಳಗನ್ನೂ ಬಲ್ಲ ಎಂದು ಊರು ನಂಬಿತ್ತು. ಹಾಳೂರಿಗೆ ಉಳಿದವನೇ ಗೌಡ. ಅವನು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. "ಎಣ್ಣೆ ಐತೆ" ಅಂದ. ಎಲ್ಲರೂ "ಐತೆ ಐತೆ" ಅಂದರು. ಆಮೇಲೆ ಪ್ಲಗ್ ಬಿಚ್ಚಿಸಿ ಇಂಜಿನ್ನಿನ ಮೇಲೆ ಒರಗಿಸಿ ಇಟ್ಟು, ಮಲ್ಲಿಕಾರ್ಜುನಯ್ಯನನ್ನು ಕೆಳಗೇ ನಿಲ್ಲಿಸಿ ಕಿಕ್ ತುಳಿಸಿದ. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಪಟಪಟ ಹಾರಿತು.

"ಕಿಡಿ ಬರಾಬರ್ ಐತೆ" ಅಂದ ಮಲ್ಲಿಕಾರ್ಜುನಯ್ಯ. ಪ್ಲಗ್ ಹಾಕಿಸಿ ಹತ್ತಿ ಕೂತ. ಸತ್ತ ಹೆಣ. ಇಳಿದು ಬಿಚ್ಚಿಸಿದ. ಕಿಡಿ. ಹಾಕಿಸಿ ಹತ್ತಿದ. ಇಲ್ಲ.

ಇಳಿದರೆ ಇದೆ, ಹತ್ತಿದರೆ ಇಲ್ಲ. ಮೂರು ವರ್ಷದ ಕೂಸಿಗೆ ತೋರಿಸಿದ್ದರೂ ಹೇಳುತ್ತಿತ್ತು. ಆದರೆ ಇದನ್ನು ಬಾಯಿಬಿಟ್ಟು ಹೇಳುವುದೆಂದರೆ ಶಿರಾದ ಸಾಹುಕಾರರ ಕುಂಡೆಯ ವಿಷಯ ಎತ್ತಬೇಕಲ್ಲ! ಇಡೀ ಮಧುಗಿರಿ ಅವನ ಮುಖವನ್ನೇ ನೋಡುತ್ತ ನಿಂತಿತ್ತು. ಸಿದ್ದಗಂಗಯ್ಯ ಸಿಕ್ಕಿದ ವೈರನ್ನೆಲ್ಲ ತಿರುಚಿದ, ಹಾರನ್ ಒತ್ತಿದ, ಚಕ್ರಕ್ಕೆ ಒದ್ದ. ಕೊನೆಗೆ ತಲೆಯೆತ್ತಿ ಊರ ಮೇಲೆ ಬಗ್ಗಿ ನಿಂತಿದ್ದ ಬೆಟ್ಟವನ್ನು ನೋಡಿ, "ನಂ ಬೆಟ್ಟ ಏಕಶಿಲೆ. ಕರೆಂಟ್ನ ಎಳ್ಕಂತಾ ಐತೆ ಕಣ್ರಪ್ಪಾ" ಅಂದ. ಅದಕ್ಕೂ ತಲೆದೂಗಿದರು.

"ಬ್ಯಾಟ್ರಿ ಒಂದ್ ಕಿತ ನೋಡನಾ ಸಾಹುಕಾರ್ರೇ?" ಎಂದೂ ಕೇಳಿದ. ಅವನ ಜನ್ಮದಲ್ಲಿ ಆಡಿದ ಒಂದೇ ಬುದ್ಧಿಯ ಮಾತು.

"ಬ್ಯಾಟ್ರಿ ಹೊಸಾದು. ಯಾವನೂ ಕೈ ಹಾಕಂಗಿಲ್ಲ" ಅಂದ ಮಲ್ಲಿಕಾರ್ಜುನಯ್ಯ. ತನ್ನದು ಕೆಟ್ಟಿದೆ ಎಂದು ಇನ್ನೊಬ್ಬ ಅನುಮಾನಪಡುವುದೇ ಅವನಿಗೆ ಅವಮಾನ.

ಹೊಸ್ತಿಲ ಒಳಗೆ ನಿಂತಿದ್ದ ಇಂದ್ರಮ್ಮ ಅವನ ಮುಖ ನೋಡಲಿಲ್ಲ, ಬೆಟ್ಟ ನೋಡಲಿಲ್ಲ. ಸೀಟಿನ ಕೆಳಗೆ ನೋಡುತ್ತಿದ್ದಳು. ಸಂಜೆಯ ಮಬ್ಬು ಇಳಿಯತೊಡಗಿತ್ತು. ಅವನ ಭಾರಕ್ಕೆ ಸ್ಪ್ರಿಂಗು ಕುಗ್ಗಿದಾಗಲೆಲ್ಲ ಅಲ್ಲೊಂದು ಕಿಡಿ ಚಿಟ್ಟೆಂದು ಹಾರಿ, ಸುಟ್ಟ ವಾಸನೆ ಬರುತ್ತಿತ್ತು. ಅವನು ಎದ್ದರೆ ಇಲ್ಲ. ಲೋಹ ಸೋಕಬಾರದು ಎಂದು ಈಗ ತಾನೇ ಪಾಠ ಹೇಳಿದವನು ಅದೇ ಲೋಹವನ್ನು ಬ್ಯಾಟರಿಯ ತಲೆಗೆ ಒತ್ತಿಕೊಂಡು ಕೂತಿದ್ದ. ಅಮ್ಮ ಕಟ್ಟಿದ ತಗಡು, ಮಗ ಹೇಳಿದ ವಿದ್ಯೆ, ಎರಡೂ ಅವನ ಕೆಳಗೇ ಇದ್ದವು.

ಅಷ್ಟರಲ್ಲಿ ತಳ್ಳಿ ನೋಡೋಣ ಎಂದು ಯಾರೋ ಅಂದರು. ಮಲ್ಲಿಕಾರ್ಜುನಯ್ಯ ಮೇಲೆ ಕೂತ. ತಳ್ಳುವವರಲ್ಲಿ ಮೊದಲು ಕೈ ಹಾಕಿದವನು ಪರ್ವತಯ್ಯ. ಜರಿಪೇಟ, ಮುಚ್ಚುಕೋಟು, ವಯಸ್ಸಾದ ಮೈ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅವನ ಪೇಟ ಜಾರಿ ಧೂಳಿಗೆ ಬಿತ್ತು, ಜನ ನಕ್ಕರು. ಇಂದ್ರಮ್ಮ ಆ ಸಂಬಂಧ ಬೇಡವೆನ್ನುವುದನ್ನೂ ಮರೆತು ಹೊಸ್ತಿಲು ದಾಟಿ ಬೀದಿಗೆ ಬಂದಳು.

"ಅಪ್ಪಾ, ನೀನು ಕೈ ಬುಡು. ಆ ಸೀಟಿನ ಕೆಳಗೆ..."

"ಏಯ್!" ಮಲ್ಲಿಕಾರ್ಜುನಯ್ಯ ಮೇಲಿಂದಲೇ ಕೂಗಿದ. "ಹೆಂಗಸ್ರನ್ನ ಇತ್ಲಾಗ್ ಯಾರು ಬುಟ್ಟಿದ್ದು? ಮೆಷೀನ್ ವಿಚಾರ ಇವ್ಳೇನ್ ಬಲ್ಲಳು? ಮುಟ್ಟಬ್ಯಾಡ, ದೂರ ನಿಲ್ಲು ಅಂತ ಆಗ್ಲೇ ಹೇಳಿಲ್ವಾ?"

ಕರಿಬಸಮ್ಮ ಅವಳನ್ನು ದುರುಗುಟ್ಟಿ ನೋಡಿದಳು. ಇಂದ್ರಮ್ಮ ಅಪ್ಪನ ಕಡೆ ತಿರುಗಿದಳು. ಪರ್ವತಯ್ಯ ಪೇಟದ ಧೂಳು ಕೊಡವುತ್ತ, ಮಗಳ ಮುಖ ನೋಡದೆ, "ಒಳೀಕ್ಕೋಗವ್ವ. ಇದ್ದಬದ್ದ ಮರ್ವಾದೆ ಕಳೀಬ್ಯಾಡ" ಅಂದ.

ಅವಳು ಈಗ ಇನ್ನೊಂದು ಸಲ ಗಂಟಲೆತ್ತಿ ಕೂಗಿದರೆ ಸಾಕು. ಯಾರಾದರೂ ಬಗ್ಗಿ ನೋಡುತ್ತಾರೆ, ತಗಡು ಕಿತ್ತೆಸೆಯುತ್ತಾರೆ, ಗಾಡಿ ಓಡುತ್ತದೆ. ಕಾಯಿ ಒಡೆಯುತ್ತದೆ, ವೀಳ್ಯ ಬದಲಾಗುತ್ತದೆ. ಆಮೇಲೆ ಸಾಯುವವರೆಗೆ ಈ 'ಏಯ್' ಕೇಳಿಕೊಂಡು ಬಿದ್ದಿರಬೇಕು. ಹೇಳದಿದ್ದರೆ? ಹೇಳದಿದ್ದರೆ ಇಲ್ಲಿಗೇ ಮುಗಿಯಿತು. ಹಾಳಾಗಿ ಹೋಗಲಿ, ಕೇಳುವ ಕಿವಿಯಿಲ್ಲದವರಿಗೆ ನಾನೇಕೆ ಹೇಳಲಿ ಎಂದುಕೊಂಡು ಒಳಗೆ ಹೋದಳು. ಬೀಗರಿಗೆಂದು ಮಾಡಿದ ಪಾಯಸ ಉಳಿದಿತ್ತು. ಬಟ್ಟಲಿಗೆ ಸುರಿದುಕೊಂಡು ಗೋಡೆಗೆ ಒರಗಿ ತಿಂದಳು. ಬೀದಿಯಿಂದ "ಐಸಾ, ತಳ್ಳು" ಎನ್ನುವ ಕೂಗು, ನಡುವೆ ಅಪ್ಪನ ಏದುಸಿರು ಕೇಳಿದಾಗ ಮಾತ್ರ ಬಟ್ಟಲು ಕೆಳಗಿಟ್ಟು, ಮತ್ತೆ ಎತ್ತಿಕೊಂಡಳು.

ಕತ್ತಲಾಗುವ ಮುಂಚೆ ಕರಿಬಸಮ್ಮನ ತೀರ್ಪು ಹೊರಬಿತ್ತು. ಜಗಲಿಯ ಮೇಲೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು. "ಸಿರಾದಿಂದ ಹುಲಿ ಬಂದಂಗ್ ಬಂತು ನನ್ ಮಗನ ಗಾಡಿ. ಈ ಹುಡುಗಿ ಹೊಸ್ಲು ದಾಟಿ ಎದುರ್ಗೆ ಬಂದ್ಲು, ಪೂರಾ ಹೆಣ ಆಗ್ಬುಡ್ತು. ಓಡೋ ಗಾಡಿ ನಿಲ್ಸೋ ಕಾಲ್ಗುಣ, ಉಸಿರಾಡೋ ಗಂಡನ್ನ ಬುಡ್ತದಾ? ನಮ್ ತಗಡು ಕಾಪಾಡ್ತು. ಇಲ್ದಿದ್ರೆ ವೀಳ್ಯ ಕೊಟ್ಬುಡ್ತಿದ್ವಿ."

ಗಾಡಿ ನಿಂತದ್ದು ಮೊದಲು, ಹುಡುಗಿ ಹೊರಗೆ ಬಂದದ್ದು ಆಮೇಲೆ. ಅದನ್ನು ಕಣ್ಣಾರೆ ನೋಡಿದ ಬೀದಿಯವರಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಕೊನೆಗೆ ಒಂದು ಎತ್ತಿನ ಗಾಡಿ ತರಿಸಿ ಫಟಫಟಿಯನ್ನು ಎತ್ತಿ ಹಾಕಿ ಹಗ್ಗದಲ್ಲಿ ಬಿಗಿದರು. ಅಮ್ಮ ಮಗ ಅದರ ಪಕ್ಕ ಮೂಟೆಗಳ ಹಾಗೆ ಕೂತರು. ಸೀಟಿನ ಮೇಲೆ ಈಗ ಯಾರೂ ಇರಲಿಲ್ಲ. ಹೀಗಾಗಿ, ಆರಿಸುವುದನ್ನು ಯಾರೂ ನೆನಪಿಡದ ಆ ಲೈಟು ಬೆಳ್ಳಗೆ ಉರಿಯುತ್ತ, ಎತ್ತುಗಳ ಬಾಲಕ್ಕೆ ಬೆಳಕು ಬಿಡುತ್ತ ಬೀದಿಯುದ್ದಕ್ಕೂ ಹೋಯಿತು. "ನೋಡಿದ್ರಾ, ಆ ಮನೆ ನೆರಳು ದಾಟ್ತಿದ್ದಂಗೇ ಜೀವ ಬಂತು" ಎಂದು ಕರಿಬಸಮ್ಮ ಕೂಗಿದಳು. ಜನ ಹೌದೌದು ಅಂದರು. ಇಂದ್ರಮ್ಮ ಕಿಟಕಿಯಲ್ಲಿ ನಿಂತು ಒಬ್ಬಳೇ ನಕ್ಕಳು.

ಆ ನಗು ಬಹಳ ದಿನ ಬಾಳಲಿಲ್ಲ. ಎತ್ತಿನ ಗಾಡಿಗಿಂತ ಮುಂಚೆಯೇ ಸುದ್ದಿ ಶಿರಾ ಮುಟ್ಟಿತು. ಅಲ್ಲಿಂದ ಕೊರಟಗೆರೆ, ಪಾವಗಡ. 'ಫಟಫಟಿ ನಿಲ್ಸಿದೋಳು' ಎಂದೇ ಹೆಸರಾಯಿತು. ಆಮೇಲೆ ಮುದ್ದೆಯ ವಿಷಯ ಕೇಳುವುದಕ್ಕೂ ಒಂದು ಗಂಡು ಬರಲಿಲ್ಲ. ಬಸ್ಸು ಹೊರಡುವಾಗ ಸಿದ್ದಗಂಗಯ್ಯ ದೂರದಿಂದಲೇ, "ತಾಯಿ, ವಸಿ ಮರೇಲಿ ನಿಂತ್ಕಳವ್ವ, ಇಂಜಿನ್ ಸ್ಟಾರ್ಟ್ ಆಗ್ಬುಡ್ಲಿ" ಎಂದು ಕೈಮುಗಿಯುತ್ತಿದ್ದ. ಅವಳು ಬೇಕೆಂದೇ ಹೋಗಿ ಬಸ್ಸಿನ ಮೂತಿಗೆ ಎದುರಾಗಿ ನಿಲ್ಲುತ್ತಿದ್ದಳು. ಬಸ್ಸು ಪ್ರತಿ ಸಲವೂ ಗೊರಗೊರ ಅಂದು ಹೊರಡುತ್ತಿತ್ತು. ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಊರಿನ ಮೇಲೆ ಅವಳಿಗಿದ್ದ ತಿರಸ್ಕಾರ ದಿನದಿನಕ್ಕೆ ಗಟ್ಟಿಯಾಯಿತು. ಅದರಲ್ಲಿ ಒಂದು ಸುಖವೂ ಇತ್ತು.

ಸುಖವಿಲ್ಲದ್ದು ಮನೆಯೊಳಗೆ. ಪರ್ವತಯ್ಯ ಒಂದು ದಿನವೂ ಅವಳನ್ನು ಬೈಯಲಿಲ್ಲ. ಆದರೆ ಬೆಳಿಗ್ಗೆ ಅಂಗಡಿಯ ಬೀಗದಕೈ ಹಿಡಿದು ನಡುಮನೆಯಲ್ಲಿ ಸುಮ್ಮನೆ ನಿಂತಿರುತ್ತಿದ್ದ. ಮಗಳು ಹಿತ್ತಿಲಿಗೆ ಹೋಗುವುದನ್ನು ಕಾದು, ಅವಳು ಮರೆಯಾದ ಮೇಲೆ ಹೊಸ್ತಿಲು ದಾಟುತ್ತಿದ್ದ. ಮೊದಮೊದಲು ಅವಳಿಗೆ ತಿಳಿಯಲಿಲ್ಲ. ತಿಳಿದ ದಿನ ಬಾವಿಕಟ್ಟೆಯ ಮೇಲೆ ಕೂತು ಅತ್ತಳು. ಆಮೇಲೆ ಅವನಿಗೆ ಕಷ್ಟವಾಗದಿರಲೆಂದು ತಾನೇ ಆ ಹೊತ್ತಿಗೆ ಕೊಡ ಎತ್ತಿಕೊಂಡು ಹಿತ್ತಿಲಿಗೆ ನಡೆಯುತ್ತಿದ್ದಳು. ಊರು ದಡ್ಡ ಎನ್ನಬಹುದು, ಅಪ್ಪನನ್ನು ಏನೆಂದು ಬೈಯುವುದು? ತಗಡಿನ ವಿಷಯ ಎಷ್ಟೋ ಸಲ ನಾಲಿಗೆಯ ತುದಿಗೆ ಬಂತು. ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಗಾಡಿ ತಳ್ಳುವ ನಿನ್ನ ಏದುಸಿರು ಕೇಳುತ್ತ ನಾನು ಪಾಯಸ ತಿಂದೆ ಎಂದು ಹೇಗೆ ಹೇಳುವುದು?

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದು. ದಿನವೂ ಎಲ್ಲರೂ ಅಂದದ್ದೇ ಅಂದರೆ ಕಲ್ಲಿಗೂ ಅನುಮಾನ ಬರುತ್ತದೆ. ನಿಜವಾಗಿಯೂ ತಗಡೇ ನಿಲ್ಲಿಸಿತೋ, ತಾನೇನೋ? ಒಂದು ಮಧ್ಯಾಹ್ನ ಅಪ್ಪನ ಟಾರ್ಚು ಬಿಚ್ಚಿ, ಒಂದು ಸೆಲ್ಲು, ಅದರ ಬಲ್ಬು, ಒಂದು ತುಂಡು ತಂತಿ ತೆಗೆದುಕೊಂಡು ಕತ್ತಲೆ ಕೋಣೆಯಲ್ಲಿ ಕೂತಳು. ಹೇಗೆ ಹೇಗೋ ಹಿಡಿದು ಬಲ್ಬನ್ನು ಕೆಂಪಗೆ ಉರಿಸಿದಳು. ಅಂಗಡಿಯಿಂದ ತಂದ ತಾಮ್ರದ ಚೂರನ್ನು ಬಗ್ಗಿಸಿ ಸೆಲ್ಲಿನ ತಲೆಗೂ ಬುಡಕ್ಕೂ ಮುಟ್ಟಿಸಿದಳು. ಬಲ್ಬು ಆರಿತು. ತೆಗೆದಳು, ಉರಿಯಿತು. ಆವತ್ತು ಅವಳು ಹೊಟ್ಟೆ ತುಂಬ ಊಟ ಮಾಡಿದಳು.

ಯುದ್ಧ ಬಂತು, ಪೆಟ್ರೋಲಿಗೆ ಕೂಪನ್ ಬಂತು. ಮಲ್ಲಿಕಾರ್ಜುನಯ್ಯ ಅಷ್ಟರಲ್ಲಿ ಬೇರೆ ಕಡೆ ಮದುವೆಯಾಗಿದ್ದ. ಅವನ ಗಾಡಿ ಆಮೇಲೂ ಹೋದಹೋದಲ್ಲಿ ನಿಲ್ಲುತ್ತಿತ್ತಂತೆ. ನಿಂತಾಗಲೆಲ್ಲ ಕರಿಬಸಮ್ಮ ದೃಷ್ಟಿ ಜಾಸ್ತಿಯಾಯಿತೆಂದು ತೋವಿನಕೆರೆಗೆ ಹೋಗಿ ಇನ್ನಷ್ಟು ಅಗಲದ ತಗಡು ತಂದು ಅದೇ ಸೀಟಿನ ಕೆಳಗೆ ಸೇರಿಸುತ್ತಿದ್ದಳಂತೆ. ಈಗ ಅದು ಶಿರಾದ ಹಿತ್ತಿಲಿನಲ್ಲಿ ನಿಂತು ಕೋಳಿಗಳಿಗೆ ಮಲಗುವ ಜಾಗವಾಗಿದೆ ಎಂದು ಕೇಳಿ ಇಂದ್ರಮ್ಮ, "ಹೋಗ್ಲಿ ಬುಡು, ಕೋಳಿಗಳಿಗೆ ದೃಷ್ಟಿಯಾಗಾಕಿಲ್ಲ" ಅಂದಳು.

ಒಂದು ಸಂಜೆ ಪರ್ವತಯ್ಯ ಎಲ್ಲಿಗೆಂದು ಹೇಳದೆ ಹೋದವನು ಕೊರಟಗೆರೆ ಬಸ್ಸಿನಿಂದ ಇಳಿದು ಬಂದ. ತುಂಬ ಮುದುಕನಾಗಿದ್ದ. ಕಂಬಕ್ಕೆ ಒರಗಿ ಕೂತು, ಸೊಂಟದ ಗಂಟು ಬಿಚ್ಚಿ ಮಗಳ ಮುಂದೆ ಇಟ್ಟ. ಅಂಗೈ ಅಗಲದ ತಾಮ್ರದ ತಗಡು. ಅದೇ ಚೌಕ, ಅದೇ ಓದಲು ಬಾರದ ಅಕ್ಷರ.

"ತೋವಿನಕೆರೆಗೆ ಹೋಗಿದ್ದೆ ಕಣವ್ವ. ರಟ್ಟೆಗೆ ಕಟ್ಕೊ. ಕಾಲ್ಗುಣ ಕಳೀತದಂತೆ. ನಾನಿರಗಂಟ ಹೆಂಗೋ ಆಯ್ತು. ಆಮ್ಯಾಕೆ ನಿನ್ನ ಎದುರ್ಗೆ ಬರೋರು ಯಾರವ್ವ?"

ಇಂದ್ರಮ್ಮನಿಗೆ ಮೊದಲು ನಗು ಬಂತು, ಆಮೇಲೆ ಸಂಕಟವಾಯಿತು. ಇನ್ನು ತಡೆಯಲಾಗಲಿಲ್ಲ. ಓಣಿ, ಕರಿಬಸಮ್ಮ, ಸೀಟು, ಕಿಡಿ, ಪಾಯಸ, ಒಂದನ್ನೂ ಬಿಡದೆ ಹೇಳಿದಳು. "ನಿಲ್ಸಿದ್ದು ನಾನಲ್ಲಪ್ಪಾ. ಇಂಥದೇ ತಗಡು."

ಪರ್ವತಯ್ಯ ಕೇಳಿ ತಲೆಯಾಡಿಸಿದ. "ಇದು ಕಾಪಾಡೋ ತಗಡು. ಇದ್ಯಾಕವ್ವ ಗಾಡಿ ನಿಲ್ಸೀತು? ನಿನ್ ಸಂಕಟಕ್ಕೆ ಏನೋ ಅಂತೀಯ" ಅಂದ.

ಅವಳು ಎದ್ದು ಟಾರ್ಚು ಬಿಚ್ಚಿದಳು. ಬಾಗಿಲು ಮುಂದೆ ಮಾಡಿ, ಸೆಲ್ಲು, ಬಲ್ಬು, ತಂತಿ ಹಿಡಿದು ಉರಿಸಿ ತೋರಿಸಿದಳು. ಆಮೇಲೆ ಕಾಡಸಿದ್ದಪ್ಪನ ತಗಡನ್ನು ಬಗ್ಗಿಸಿ ಎರಡು ತುದಿಗೂ ಸೋಕಿಸಿದಳು. ಕೆಂಡದಂತಿದ್ದ ಬಲ್ಬು ಆರಿತು. ಪರ್ವತಯ್ಯ ಮುಂದಕ್ಕೆ ಬಗ್ಗಿದ. "ಇನ್ನೊಂದ್ ಕಿತ" ಅಂದ. ತೋರಿಸಿದಳು. ಅವನೇ ತಗಡು ಹಿಡಿದು ಸೋಕಿಸಿದ, ತೆಗೆದ, ಸೋಕಿಸಿದ. ಬಲ್ಬು ಆರಿತು, ಉರಿಯಿತು, ಆರಿತು. ಮುದುಕನ ಮುಖ ಬದಲಾಗುವುದನ್ನು ಅವಳು ನೋಡುತ್ತಿದ್ದಳು. ಕೊನೆಗೂ ಅರ್ಥವಾಯಿತು ಎಂದು ಅವಳ ಎದೆ ಹಗುರಾಯಿತು.

ಪರ್ವತಯ್ಯ ತಗಡನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. "ಶಿವಶಿವಾ, ಎಂಥಾ ಶಕ್ತಿ!" ಅಂದ. "ಉರಿಯೋ ದೀಪಾನೇ ಆರುಸ್ತದಲ್ಲ! ಅಂಗಾದ್ರೆ ಆವತ್ತು ಆ ಪಾಪಿ ಮನೆಗೆ ನೀನು ಹೋಗ್ಬಾರ್ದು ಅಂತ ಇದೇ ಅಡ್ಡ ನಿಂತ್ಕಂಡೈತೆ. ಅವ್ರ ತಗಡೇ ನಿನ್ನ ಕಾಪಾಡೈತೆ ಕಣವ್ವ!"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ಇಂದ್ರಮ್ಮನಿಗೆ ರೇಗಿಹೋಯಿತು. ಯಾವ ಮಂತ್ರವೂ ಇಲ್ಲ, ಯಾವ ತಾಮ್ರವಾದರೂ ಇದನ್ನೇ ಮಾಡುತ್ತದೆ ಎಂದು ತೋರಿಸಲು ಗೂಡಿನಲ್ಲಿದ್ದ ತಾಮ್ರದ ಸೌಟು ಎಳೆದುಕೊಂಡಳು. ತಮ್ಮದೇ ಅಂಗಡಿಯ ಸೌಟು, ಸಾರು ಬಡಿಸುವ ಸೌಟು. ಅದನ್ನು ಸೆಲ್ಲಿಗೆ ಮುಟ್ಟಿಸಿದರೆ ಮುಗಿಯಿತು. ತೋವಿನಕೆರೆಯ ಬುರುಡೆ, ಶಿರಾದ ಬುರುಡೆ, ಮಧುಗಿರಿಯ ಬುರುಡೆ ಎಲ್ಲ ಒಂದೇ ಏಟಿಗೆ.

"ನೀನಲ್ಲ" ಅಂದ ಪರ್ವತಯ್ಯ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. "ನೀನಲ್ಲ ಕಣವ್ವ ನಿಲ್ಸಿದ್ದು. ಇಷ್ಟ್ ವರ್ಷ ನಿನ್ ಮಖ ನೋಡ್ಕಂಡು ಒಂದ್ ದಿನಾನೂ ಅಂಗಡಿಗೆ ಹೋಗ್ಲಿಲ್ಲ ನಾನು. ನೀನು ಕೊಡ ಎತ್ಕಂಡು ಹಿತ್ಲಿಗೆ ಹೋಗೋದು ನೋಡ್ತಾ ನಿಂತಿರ್ತಿದ್ದೆ. ನಾನೆಂಥಾ ಅಪ್ಪ!"

ಇಂದ್ರಮ್ಮ ಕೈಯಲ್ಲಿದ್ದ ಸೌಟನ್ನು ನೋಡಿದಳು, ಅಪ್ಪನನ್ನು ನೋಡಿದಳು. ಅವನಿಗೆ ಸಿಕ್ಕಿದ್ದ ಒಂದೇ ದಾರಿ ಅದು. ಅದು ಸುಳ್ಳು ದಾರಿ, ಆದರೂ ಬಂದು ಮುಟ್ಟಿದ್ದು ಅವಳ ಹತ್ತಿರಕ್ಕೇ. ಸೌಟನ್ನು ಸದ್ದಾಗದ ಹಾಗೆ ಗೂಡಿನಲ್ಲಿ ಇಟ್ಟಳು. ಎಡಗೈ ಮುಂದೆ ಚಾಚಿ, "ಕಟ್ಟಪ್ಪಾ" ಅಂದಳು. ಅವನು ಕರಿದಾರ ಬಿಗಿಯುವಾಗ, ಬಗ್ಗಿಸಿದ್ದ ತಗಡಿನ ಅಂಚು ರಟ್ಟೆಗೆ ಚುಚ್ಚಿತು. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ರೂಢಿಯಂತೆ ಕೊಡ ಎತ್ತಿಕೊಂಡು ಹಿತ್ತಿಲ ಬಾಗಿಲವರೆಗೆ ಹೋಗಿದ್ದಳು. ನಡುಮನೆಯಿಂದ ಬೀಗದಕೈ ಸದ್ದು ಕೇಳಿತು.

"ಇಂದ್ರವ್ವಾ, ಅಂಗಡಿಗೆ ಹೊಂಟಿವ್ನಿ. ವಸಿ ಎದುರ್ಗೆ ಬಾರವ್ವ" ಎಂದು ಅಪ್ಪ ಕರೆದ.

ಅವಳು ಕೊಡ ಇಳಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಹೋಗಿ ಎದುರಿಗೆ ನಿಂತಳು.